ಹೆಪ್ಪು

ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಬರಹ ಹುಟ್ಟಿತು. ಬಡಿಸುವ ಹುಡುಗ ಹರಿವೆ ಸೊಪ್ಪಿನ ಪಲ್ಯ ಹಿಡಿದು ಬಂದಾಗ ನನ್ನ ಎದುರು ಸಾಲಿನಲ್ಲಿದ್ದ ಗೆಳತಿಯೊಬ್ಬರು ತಮ್ಮ ಯಜಮಾನರ ಎಲೆಗೆ ಕೈ ಅಡ್ಡ ಹಿಡಿದರು. "ಬೇಡಪ್ಪ, ಇವರಿಗೆ ಸೊಪ್ಪು ಪೂರಾ ಬಂದ್. ಆಪರೇಷನ್ ಆದಮೇಲೆ ರಕ್ತ ತೆಳ್ಳಗೆ ಮಾಡೋ ಮಾತ್ರೆ ಶುರುವಾಗಿದೆ. ಒಂದೆಳೆ ಕೊತ್ತಂಬರಿ ಕೂಡ ಹಾಕ್ತಿಲ್ಲ ನಾನು" ಎಂದರು. ಆ ಮಾತಿನಲ್ಲಿ ಗಂಡನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆಂಬ ಹೆಮ್ಮೆಯೂ ಇತ್ತು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇದೇ ಹೆಮ್ಮೆಯಿಂದ ಇದೇ ಕೆಲಸವನ್ನು 2005ರಲ್ಲಿ ನಾನೂ ಮಾಡಿದ್ದೆ. ಊಟವಾದ ಮೇಲೆ ಅವರನ್ನು ವರಾಂಡಕ್ಕೆ ಕರೆದೊಯ್ದು ನನ್ನ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, "ಇದನ್ನ ನಮ್ಮ ಪತ್ರಿಕೆಗೆ ಬರೀರಿ, ಇನ್ನೂ ನಾಲ್ಕು ಮನೆಗೆ ಬೇಕಾಗುತ್ತೆ" ಎಂದರು. ನಾನು ಲೇಖಕಿಯಲ್ಲ. ಮುಂಬಯಿಯ ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ 33 ವರ್ಷ ಗಾಜಿನ ನಳಿಗೆಗಳ ನಡುವೆ ಕೆಲಸ ಮಾಡಿ 2014ರಲ್ಲಿ ನಿವೃತ್ತಳಾದವಳು. ಬರಹದಲ್ಲಿ ಓರೆಕೋರೆಗಳಿದ್ದರೆ ಓದುಗರು ಮನ್ನಿಸಬೇಕು.

ಕನ್ನಡದಲ್ಲಿ ಹಾಲಿಗೂ ಹೆಪ್ಪು, ನೆತ್ತರಿಗೂ ಹೆಪ್ಪು. ನಮ್ಮ ಪಕ್ಕದ ಮನೆಯ ಮರಾಠಿ ಬಾಯಿಗೆ ಇದನ್ನು ಹೇಳಿದಾಗ ಆಕೆ ಬೆರಗಾದಳು. ಅವರಲ್ಲಿ ಹಾಲಿಗೆ ಹಾಕುವುದು ವಿರಜಣ, ರಕ್ತದಲ್ಲಿ ಆಗುವುದು ಗುಠಳಿ. ಎರಡಕ್ಕೂ ಸಂಬಂಧವೇ ಇಲ್ಲ. ರಸಾಯನಶಾಸ್ತ್ರದ ಪ್ರಕಾರ ಅವರೇ ಸರಿ. ಹಾಲು ಮೊಸರಾಗುವುದು ಹುಳಿಯಿಂದ. ನೆತ್ತರು ಹೆಪ್ಪುಗಟ್ಟುವುದು ಅದರಲ್ಲೇ ಕರಗಿರುವ ಫೈಬ್ರಿನೋಜನ್ ಎಂಬ ಸಸಾರಜನಕ ವಸ್ತು ನೂಲುನೂಲಾಗಿ ಬಲೆ ಹೆಣೆದುಕೊಳ್ಳುವುದರಿಂದ. ಆದರೂ ನಮ್ಮ ಹಿರಿಯರು ಒಂದೇ ಮಾತು ಬಳಸಿದ್ದರಲ್ಲಿ ಅರ್ಥವಿದೆ ಎಂದು ನನಗೆ ಅನಿಸಿದೆ. ಎರಡರಲ್ಲೂ ಹದ ಮುಖ್ಯ. ಹೆಪ್ಪು ಕಡಿಮೆಯಾದರೆ ಹಾಲು ಹಾಲಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಬೆಳಗಾಗುವುದರೊಳಗೆ ಹುಳಿ. ನೆತ್ತರೂ ಹಾಗೆಯೇ. ಗಾಯದಲ್ಲಿ ಅದು ನಿಲ್ಲಬೇಕು, ನಾಳದೊಳಗೆ ನಿಲ್ಲಬಾರದು.

ನನ್ನ ತವರು ಸಾಗರ ತಾಲೂಕಿನ ಒಂದು ಹಳ್ಳಿ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಇಳಿದರೆ ಇಂಬಳದ ಕಾಟ. ಅದು ಕಚ್ಚುವುದು ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ಹೊಟ್ಟೆ ತುಂಬಿದ ಇಂಬಳ ತಾನಾಗಿ ಕಳಚಿ ಬಿದ್ದಿರುತ್ತಿತ್ತು. ಆದರೆ ಕಚ್ಚಿದ ಜಾಗದಿಂದ ನೆತ್ತರು ಇಳಿಯುತ್ತಲೇ ಇರುತ್ತಿತ್ತು. ಅಜ್ಜಿ ಅದಕ್ಕೆ ಹೊಗೆಸೊಪ್ಪು, ಸುಣ್ಣ ಮೆತ್ತುತ್ತಿದ್ದಳು. "ಅದರ ಎಂಜಲಲ್ಲಿ ಏನೋ ಇದೆ ಮಗಾ, ಅದಕ್ಕೇ ನಿಲ್ಲೂದಿಲ್ಲ" ಎನ್ನುತ್ತಿದ್ದಳು. ಮೂರನೇ ಕ್ಲಾಸು ದಾಟದ ಅಜ್ಜಿಯ ಮಾತು ಅಕ್ಷರಶಃ ನಿಜವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. 1884ರಲ್ಲಿ ಜಾನ್ ಬೆರಿ ಹೇಕ್ರಾಫ್ಟ್ ಎಂಬ ಇಂಗ್ಲೆಂಡಿನ ಶರೀರಶಾಸ್ತ್ರಜ್ಞರು ವೈದ್ಯರು ಬಳಸುವ ಜಿಗಣೆಗಳ ಸಾರ ತೆಗೆದು, ಅದನ್ನು ಬೆರೆಸಿದ ನೆತ್ತರು ಹೆಪ್ಪುಗಟ್ಟುವುದಿಲ್ಲ ಎಂದು ತೋರಿಸಿದ್ದರು. ಜಿಗಣೆಯ ಜೊಲ್ಲಿನಲ್ಲಿರುವ ಆ ವಸ್ತುವಿಗೆ ಮುಂದೆ ಹಿರುಡಿನ್ ಎಂಬ ಹೆಸರು ಬಂತು. 1924ರಲ್ಲಿ ಜರ್ಮನಿಯ ಗೀಸನ್ ಊರಿನಲ್ಲಿ ಗಿಯೋರ್ಗ್ ಹಾಸ್ ಎಂಬ ವೈದ್ಯರು ಮನುಷ್ಯನೊಬ್ಬನಿಗೆ ಮೊಟ್ಟಮೊದಲ ಡಯಾಲಿಸಿಸ್ ಮಾಡಿದಾಗ, ಯಂತ್ರದೊಳಗೆ ರಕ್ತ ಹೆಪ್ಪಾಗದಂತೆ ಕಾಪಾಡಿದ್ದು ಇದೇ ಹಿರುಡಿನ್.

ಅಜ್ಜಿಗೆ ಎಂಜಲೆಂದರೆ ಮಡಿಯ ದೊಡ್ಡ ವೈರಿ. ಎಂಜಲು ಕೈಯಲ್ಲಿ ನೀರಿನ ಚೊಂಬು ಮುಟ್ಟಿದರೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಲೇಬೇಕು. ಆದರೆ ಒಂದೇ ಒಂದು ಸಂದರ್ಭದಲ್ಲಿ ಆಕೆ ಮಡಿಯನ್ನು ಮರೆಯುತ್ತಿದ್ದಳು. ಕೊಯ್ಲಿನ ಕಾಲದಲ್ಲಿ ರಾತ್ರಿ ಲಾಟೀನಿನ ಬೆಳಕಿನಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವಾಗ ಯಾರದಾದರೂ ಬೆರಳು ಕುಯ್ಯುವುದು ಮಾಮೂಲು. ಅಜ್ಜಿಯ ಬೆರಳು ಕುಯ್ದರೆ ಅದು ತಟ್ಟನೆ ಬಾಯಿಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತು ಚೀಪಿ, ನೋಡಿ, ಮತ್ತೆ ಸುಲಿಯಲು ಶುರು. "ಅಜ್ಜಿ, ಎಂಜಲು!" ಎಂದು ನಾವು ಮಕ್ಕಳು ಕೂಗಿದರೆ, "ನೆತ್ತರಿಗೆ ಎಂಜಲಿಲ್ಲ, ಸುಮ್ನಿರಿ" ಎಂದು ಗದರುತ್ತಿದ್ದಳು. ಈ ಬೆರಳಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಪಿ.ಯು.ಸಿ. ಓದಲು ಶಿವಮೊಗ್ಗೆಗೆ ಹೋದಾಗ ನಮ್ಮ ಮೊದಲ ಪ್ರಯೋಗಗಳಲ್ಲೊಂದು ಲಾಲಾರಸದ ಪರೀಕ್ಷೆ. ಲಾಲಾರಸ ಎಂದರೆ ಏನೋ ದೊಡ್ಡದು ಎಂದುಕೊಂಡಿದ್ದೆವು. ಮೇಷ್ಟ್ರು ಪ್ರತಿಯೊಬ್ಬರ ಕೈಗೂ ಒಂದು ನಳಿಗೆ ಕೊಟ್ಟು, "ಇದರಲ್ಲಿ ಉಗುಳಿ" ಎಂದಾಗಲೇ ಗೊತ್ತಾದದ್ದು! ಹುಡುಗರ ಎದುರು ಉಗುಳುವುದು ಹೇಗೆ ಎಂದು ನಾವು ಐದು ಜನ ಹುಡುಗಿಯರು ಗೋಡೆಗೆ ಮುಖ ಮಾಡಿ ನಿಂತೆವು. ಗಂಜಿತಿಳಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಕಡುನೀಲಿ. ಎಂಜಲು ಬೆರೆಸಿ ಬೆಚ್ಚಗಿಟ್ಟ ಗಂಜಿಗೆ ಅದೇ ಅಯೋಡಿನ್ ಹಾಕಿದರೆ ನೀಲಿ ಬರಲೇ ಇಲ್ಲ. ನಮ್ಮ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯ ಕಡೆಗೆ ಒಯ್ದಿತ್ತು. ಒಣ ಅವಲಕ್ಕಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಏಕೆಂದು ಆ ದಿನ ತಿಳಿಯಿತು. ನಾಚಿಕೆಯ ವಸ್ತುವೆಂದುಕೊಂಡದ್ದು ಕಣ್ಣೆದುರೇ ಕೆಲಸ ಮಾಡಿ ತೋರಿಸಿತು. ರಸಾಯನಶಾಸ್ತ್ರವನ್ನೇ ಓದಬೇಕೆಂದು ನಾನು ತೀರ್ಮಾನಿಸಿದ್ದು ಅಂದೇ ಇರಬೇಕು.

ಮದುವೆಯಾಗಿ ಮುಂಬಯಿಗೆ ಬಂದು, ಲ್ಯಾಬಿನ ಡಿಪ್ಲೊಮಾ ಮಾಡಿ, 1981ರಲ್ಲಿ ಆಸ್ಪತ್ರೆ ಸೇರಿದೆ. ನನಗೆ ಸಿಕ್ಕಿದ್ದು ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಮೇಜು. ಆ ಕಾಲದಲ್ಲಿ ಎಲ್ಲವೂ ಕೈಕೆಲಸ. ರಕ್ತವನ್ನು ಸೋಡಿಯಂ ಸಿಟ್ರೇಟ್ ಇರುವ ನಳಿಗೆಯಲ್ಲಿ ಹಿಡಿದರೆ ಅದರೊಳಗಿನ ಕ್ಯಾಲ್ಸಿಯಂ ಕಟ್ಟಿಬಿದ್ದು ಹೆಪ್ಪಾಗುವುದು ತಡೆಯುತ್ತದೆ. ಆಮೇಲೆ ಅದನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಮೇಲಿನ ಹೊಂಬಣ್ಣದ ತಿಳಿ ತೆಗೆದು, 37 ಡಿಗ್ರಿ ಬಿಸಿಯ ನೀರಿನಲ್ಲಿ ಇಟ್ಟು, ಅದಕ್ಕೆ ಕ್ಯಾಲ್ಸಿಯಂ ಜೊತೆಗೆ ಮೊಲದ ಮಿದುಳಿನಿಂದ ತೆಗೆದ ಥ್ರಾಂಬೋಪ್ಲಾಸ್ಟಿನ್ ಹಾಕಿ, ಅದೇ ಕ್ಷಣ ಸ್ಟಾಪ್‌ವಾಚ್ ಒತ್ತಬೇಕು. ನಳಿಗೆಯನ್ನು ಮೆಲ್ಲಗೆ ಓರೆ ಮಾಡುತ್ತ ನೋಡುತ್ತಿದ್ದರೆ ನೀರಿನಂತಿದ್ದದ್ದು ಒಮ್ಮೆಗೇ ಮೊಸರಿನಂತೆ ನಿಲ್ಲುತ್ತದೆ. ಆರೋಗ್ಯವಂತರಲ್ಲಿ ಸುಮಾರು 12ರಿಂದ 14 ಸೆಕೆಂಡ್. ಇದು ಪ್ರೋಥ್ರಾಂಬಿನ್ ಟೈಮ್. 1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಕಂಡುಹಿಡಿದ ಪರೀಕ್ಷೆ. ಆದರೆ ಲ್ಯಾಬಿನಿಂದ ಲ್ಯಾಬಿಗೆ ಥ್ರಾಂಬೋಪ್ಲಾಸ್ಟಿನ್ ಬೇರೆಯಾದ್ದರಿಂದ ಊರಿಗೊಂದು ಸೇರು ಇದ್ದ ಹಾಗೆ ಲೆಕ್ಕವೂ ಬೇರೆಯಾಗುತ್ತಿತ್ತು. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಕಡೆಗೂ ಸಮನಾದ ಐ.ಎನ್.ಆರ್. ಎಂಬ ಅಳತೆ ತಂದಿತು. ಸಾಮಾನ್ಯರಿಗೆ ಅದು ಒಂದರ ಆಸುಪಾಸು.

ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ವಿಭಾಗದ ಮುಖ್ಯಸ್ಥರು ಒಬ್ಬ ರಸಾಯನಶಾಸ್ತ್ರಜ್ಞನ ಕಥೆ ಹೇಳಿದ್ದರು. ಆಮೇಲೆ ಆ ವಿಜ್ಞಾನಿ 1959ರಲ್ಲಿ ತಾವೇ ಬರೆದ ವೃತ್ತಾಂತವನ್ನು ಆಸ್ಪತ್ರೆಯ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಅವರ ಹೆಸರು ಕಾರ್ಲ್ ಪಾಲ್ ಲಿಂಕ್, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು.

1933ರ ಫೆಬ್ರವರಿ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಹೊರಗೆ ಹಿಮದ ಬಿರುಗಾಳಿ. ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 300 ಕಿಲೋಮೀಟರ್ ದೂರದಿಂದ ಲಾರಿ ಓಡಿಸಿಕೊಂಡು ಬಂದಿದ್ದ. ಹಿಂದಿನ ಡಿಸೆಂಬರಿನಿಂದ ಅವನ ಕೊಟ್ಟಿಗೆಯ ದನಗಳು ಒಂದರ ಹಿಂದೊಂದು ರಕ್ತ ಸೋರಿ ಸಾಯುತ್ತಿದ್ದವು. ಪಶುವೈದ್ಯ ಇಲಾಖೆಯ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದ ಲಿಂಕ್ ಅವರ ಪ್ರಯೋಗಶಾಲೆಗೆ ಅವನು ಕಾಲಿಟ್ಟದ್ದು ಆಕಸ್ಮಿಕ. ಅವನು ತಂದದ್ದು ಸತ್ತ ಒಂದು ಕಡಸು, ಕೊಳೆತ ಸ್ವೀಟ್ ಕ್ಲೋವರ್ ಮೇವಿನ ಹೊರೆ, ಮತ್ತು ಹಾಲಿನ ಕ್ಯಾನಿನ ತುಂಬ ನೆತ್ತರು. ಹೆಪ್ಪುಗಟ್ಟದ ನೆತ್ತರು!

ಕೆಟ್ಟ ಮೇವೇ ಕಾರಣವೆಂಬುದು ಆಗಲೇ ತಿಳಿದಿತ್ತು. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ 1920ರ ದಶಕದ ಆರಂಭದಲ್ಲೇ ಅದನ್ನು ತೋರಿಸಿದ್ದರು. ಒಂದೇ ಬಣವೆಯಿಂದ ಒಳ್ಳೆಯ ಕಡ್ಡಿ, ಬೂಷ್ಟು ಹಿಡಿದ ಕಡ್ಡಿ ಬೇರೆ ಮಾಡಿ ಎರಡು ಮೊಲಗಳಿಗೆ ತಿನ್ನಿಸಿದರು. ಒಳ್ಳೆಯದನ್ನು ತಿಂದ ಮೊಲ ಉಳಿಯಿತು, ಇನ್ನೊಂದು ರಕ್ತ ಸೋರಿ ಸತ್ತಿತು. ಆದರೆ ಆ ಬೂಷ್ಟಿನ ಮೇವಿನಲ್ಲಿ ಇದ್ದದ್ದು ಏನು? ಯಾರಿಗೂ ಗೊತ್ತಿರಲಿಲ್ಲ. ಆ ಮೇವನ್ನು ಹಾಕಬೇಡ, ಆದರೆ ಒಳ್ಳೆಯ ದನದ ರಕ್ತ ಕೊಡಿಸು ಎನ್ನುವುದಕ್ಕಿಂತ ಹೆಚ್ಚೇನನ್ನೂ ಲಿಂಕ್ ಹೇಳಲಾರದೆ ಹೋದರು. ರೈತ ಬಂದ ಹಿಮದಲ್ಲೇ ಬರಿಗೈಯಲ್ಲಿ ಹಿಂದಿರುಗಿದ. ಅವನು ಹೋದ ಮೇಲೆ ಲಿಂಕ್ ಅವರ ಸಹಾಯಕ, ಜರ್ಮನಿಯ ಶೋಫೆಲ್, ಆ ನೆತ್ತರಿನಲ್ಲಿ ಕೈ ಅದ್ದಿ ಅದ್ದಿ ನೋಡುತ್ತ ಕಳವಳಪಟ್ಟನಂತೆ. ಇಬ್ಬರೂ ಅಂದು ಸಂಜೆಯವರೆಗೆ ಆ ನೆತ್ತರನ್ನೂ ಮೇವನ್ನೂ ಬಿಟ್ಟು ಏಳಲಿಲ್ಲ.

ಉತ್ತರ ಸಿಗಲು ಆರು ವರ್ಷ ಬೇಕಾಯಿತು. ಮೇವಿನ ಸಾರವನ್ನು ಬೇರೆ ಬೇರೆ ಭಾಗ ಮಾಡುವುದು, ಪ್ರತಿ ಭಾಗವನ್ನೂ ಮೊಲಕ್ಕೆ ಕೊಡುವುದು, ಮೊಲದ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ಅಳೆಯುವುದು, ಯಾವ ಭಾಗದಲ್ಲಿ ಶಕ್ತಿ ಇದೆಯೋ ಅದನ್ನು ಮತ್ತೆ ಒಡೆಯುವುದು. 1939ರ ಜೂನ್ 28ರ ನಸುಕಿನಲ್ಲಿ, ರಾತ್ರಿಯಿಡೀ ಎಚ್ಚರವಿದ್ದ ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ಶಿಷ್ಯ ಸೂಕ್ಷ್ಮದರ್ಶಕದಡಿಯಲ್ಲಿ ಆ ವಸ್ತುವಿನ ಹರಳುಗಳನ್ನು ಕಂಡ. ಅದೇ ಡೈಕುಮರಾಲ್. ಹಸಿ ಮೇವನ್ನು ಕುಯ್ದು ಒಣಗಿಸುವಾಗ ಬರುವ ಸಿಹಿ ಪರಿಮಳ ಕುಮರಿನ್ ಎಂಬ ವಸ್ತುವಿನದು, ಅದು ನಿರಪಾಯಕಾರಿ. ಬೂಷ್ಟು ಬಂದಾಗ ಕುಮರಿನ್ ಮಾರ್ಪಟ್ಟು ಜೋಡಿಯಾಗಿ ಬೆಸೆದುಕೊಂಡು ವಿಷವಾಗುತ್ತದೆ.

ಅತ್ತ ಡೆನ್ಮಾರ್ಕಿನಲ್ಲಿ ಹೆನ್ರಿಕ್ ಡ್ಯಾಮ್ ಎಂಬ ವಿಜ್ಞಾನಿ ಕೊಬ್ಬು ತೆಗೆದ ಆಹಾರ ತಿಂದ ಕೋಳಿಮರಿಗಳು ರಕ್ತ ಸೋರಿ ಸಾಯುವುದನ್ನು ಗಮನಿಸಿ, ಹಸಿರು ಸೊಪ್ಪಿನಲ್ಲಿ ಹೇರಳವಾಗಿರುವ ಇನ್ನೊಂದು ವಸ್ತುವನ್ನು ಕಂಡುಹಿಡಿದಿದ್ದರು. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿರುವ ಕೊವಾಗ್ಯುಲೇಷನ್ ಎಂಬ ಪದದ ಮೊದಲಕ್ಷರದಿಂದ ಅದು ವಿಟಮಿನ್ 'ಕೆ' ಆಯಿತು. ಅಮೆರಿಕದ ಎಡ್ವರ್ಡ್ ಡೋಯ್ಸಿ ಅವರೊಂದಿಗೆ ಡ್ಯಾಮ್ 1943ರ ನೊಬೆಲ್ ಪಡೆದರು. ನಮ್ಮ ಯಕೃತ್ತು ರಕ್ತ ಹೆಪ್ಪಾಗಿಸುವ ವಸ್ತುಗಳಲ್ಲಿ ಕೆಲವನ್ನು ಸಿದ್ಧಮಾಡಲು ವಿಟಮಿನ್ ಕೆ ಬೇಕೇಬೇಕು. ಲಿಂಕ್ ಕಂಡ ವಸ್ತು ಅದಕ್ಕೆ ಅಡ್ಡ ಬರುತ್ತದೆ. ಒಂದು ತಕ್ಕಡಿಯ ಎರಡು ತಟ್ಟೆಗಳು ಎನ್ನೋಣ. ಈ ತಕ್ಕಡಿಯನ್ನು ಓದುಗರು ನೆನಪಿನಲ್ಲಿಡಬೇಕು. ನಾನು ತಪ್ಪಿದ್ದು ಅಲ್ಲೇ.

1945ರಲ್ಲಿ ಲಿಂಕ್ ಕ್ಷಯ ಮರುಕಳಿಸಿ ಆರೋಗ್ಯಧಾಮ ಸೇರಬೇಕಾಯಿತು. ಹಾಸಿಗೆಯಲ್ಲಿ ಮಲಗಿ ಇಲಿ ನಿರ್ಮೂಲನದ ಇತಿಹಾಸ ಓದುತ್ತಿದ್ದಾಗ, ತಮ್ಮ ಪ್ರಯೋಗಶಾಲೆಯಲ್ಲಿ ತಯಾರಾದ ಡೈಕುಮರಾಲಿನ ನೆಂಟ ವಸ್ತುಗಳಲ್ಲಿ ಒಂದನ್ನು ಇಲಿ ಪಾಷಾಣವಾಗಿ ಬಳಸಬಹುದೆಂದು ಹೊಳೆಯಿತು. ಅದು 42ನೇ ನಂಬರಿನ ವಸ್ತು. ಸಂಶೋಧನೆಗೆ ಹಣ ಕೊಟ್ಟಿದ್ದ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ ವಾರ್ಫರಿನ್ ಎಂದು ಹೆಸರಿಟ್ಟರು. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಯುವಕನೊಬ್ಬ ಸಾಯಲೆಂದು ಅದನ್ನು ದಿನಗಟ್ಟಲೆ ನುಂಗಿ, ರಕ್ತ ಮತ್ತು ವಿಟಮಿನ್ ಕೆ ಕೊಟ್ಟಾಗ ಚೇತರಿಸಿಕೊಂಡ. ಹಾಗಾದರೆ ಹದವರಿತು ಮನುಷ್ಯರಿಗೂ ಕೊಡಬಹುದಲ್ಲ ಎಂದು ವೈದ್ಯರಿಗೆ ಧೈರ್ಯ ಬಂತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಅದನ್ನು ಕೊಟ್ಟರು.

ಈ ಕಥೆಯನ್ನು ಹೊಸದಾಗಿ ಸೇರಿದ ಹುಡುಗಿಯರಿಗೆ ನಾನೂ ಎಷ್ಟೋ ಸಲ ಹೇಳಿದ್ದೇನೆ. ಆಗೆಲ್ಲ ಅದು ನನಗೆ ಬೇರೆಯವರ ಕಥೆ.

ನಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತಂತೆ. ಹಳ್ಳಿಯಲ್ಲಿ ಯಾರೂ ಅದನ್ನು ಅಷ್ಟು ಲೆಕ್ಕಕ್ಕಿಟ್ಟಿರಲಿಲ್ಲ. ಆ ಜ್ವರ ಕೀಲನ್ನು ಬಿಟ್ಟು ಹೃದಯದ ಕವಾಟವನ್ನು ಹಿಡಿದಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಗಿ, 2004ರಲ್ಲಿ ಕವಾಟ ಬದಲಿಸಬೇಕಾಯಿತು. ಹಾಕಿದ್ದು ನಮ್ಮ ದೇಶದ್ದೇ ಆದ ಚಿತ್ರಾ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಯಾರಾಗಿ, 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿದ್ದು. ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು, 2024ರಲ್ಲಿ ತೀರಿಕೊಂಡರು. ರಾತ್ರಿ ಎಲ್ಲ ಸದ್ದಡಗಿದ ಮೇಲೆ ಕಿವಿಗೊಟ್ಟರೆ ಇವರ ಎದೆಯಿಂದ ಸಣ್ಣ ಟಿಕ್ ಟಿಕ್ ಕೇಳುತ್ತದೆ. ಆ ಸದ್ದು ಕೇಳಿಸದೆ ನನಗೆ ಈಗ ನಿದ್ದೆ ಬರುವುದಿಲ್ಲ.

ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕವಾಟ ಸಿಕ್ಕಿಹಾಕಿಕೊಳ್ಳಬಹುದು, ಇಲ್ಲವೆ ಹೆಪ್ಪಿನ ಚೂರು ಮಿದುಳಿಗೆ ಹೋಗಬಹುದು. ಆದ್ದರಿಂದ ಜೀವನಪರ್ಯಂತ ವಾರ್ಫರಿನ್. ಚೀಟಿ ನೋಡಿ ಇವರು, "ಏ, ಇದು ನೀನು ಹೇಳ್ತಿದ್ದ ಇಲಿ ಪಾಷಾಣ ಅಲ್ವೇನೇ?" ಎಂದು ನಕ್ಕರು. ನಾನು ನಗಲಿಲ್ಲ. ಐ.ಎನ್.ಆರ್. ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕೆಂದು ಡಾಕ್ಟರು ಹೇಳಿದರು. ಅಂದರೆ ನಮ್ಮ ಲ್ಯಾಬಿನಲ್ಲಿ 30ರಿಂದ 40 ಸೆಕೆಂಡ್. ಹೊರಡುವಾಗ ಅವರು, "ಹಸಿರು ಸೊಪ್ಪಿನ ವಿಷಯದಲ್ಲಿ ಜೋಪಾನ" ಎಂದರು. ಅಷ್ಟೇ ಕೇಳಿಸಿಕೊಂಡೆ. ಅವರು ಮುಂದೆ ಹೇಳಿದ್ದನ್ನು ಕೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ. ನನಗೆ ಗೊತ್ತಿರುವ ವಿಷಯ ತಾನೆ!

ಆರು ತಿಂಗಳು ಎಲ್ಲ ಸುಸೂತ್ರ. ಒಂದು ತಿಂಗಳು ಐ.ಎನ್.ಆರ್. ಎರಡೂವರೆಗಿಂತ ಚೂರು ಕೆಳಗೆ ಬಂತು. ಡಾಕ್ಟರು ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದರು. ನಾನು ನನ್ನ ಪಾಂಡಿತ್ಯ ಸೇರಿಸಿದೆ. ಮಲೆನಾಡಿನವರಾದ ನಮಗೆ ದಿನಾ ಏನಾದರೊಂದು ಸೊಪ್ಪು ಬೇಕು: ಬಾಲ್ಕನಿಯ ಕುಂಡದ ಬಸಳೆ, ಒಂದೆಲಗದ ತಂಬುಳಿ, ಹರಿವೆ, ನುಗ್ಗೆ ಸೊಪ್ಪು. ಸೊಪ್ಪಿನಲ್ಲಿ ವಿಟಮಿನ್ ಕೆ, ವಿಟಮಿನ್ ಕೆ ಮಾತ್ರೆಯ ವೈರಿ, ಆದ್ದರಿಂದ ಸೊಪ್ಪು ಬಂದ್! ಬಸಳೆ ಬಳ್ಳಿಯನ್ನು ಕಿತ್ತು ಪಕ್ಕದ ಮನೆಗೆ ಕೊಟ್ಟೆ. ಡಾಕ್ಟರಿಗೆ ತಿಳಿಸಲಿಲ್ಲ, ತಿಳಿಸುವ ವಿಷಯವೆಂದೂ ಅನಿಸಲಿಲ್ಲ. ಒಂದು ತಟ್ಟೆಗೆ ಅವರು ತೂಕ ಹಾಕಿದರು, ಇನ್ನೊಂದು ತಟ್ಟೆಯಿಂದ ನಾನು ತೂಕ ತೆಗೆದೆ. ತಕ್ಕಡಿ ಏನಾಗಬೇಕು?

ಜುಲೈ ತಿಂಗಳ ಒಂದು ಬೆಳಿಗ್ಗೆ. ಮುಖ ತೊಳೆಯುವ ತೊಟ್ಟಿಯ ಬಿಳಿಯ ಮೇಲೆ ಇವರು ಉಗುಳಿದ್ದ ಎಂಜಲು ಕಂಡೆ. ಗುಲಾಬಿ ಬಣ್ಣ. "ರೀ, ಇದೇನು?" ಎಂದೆ. "ಬ್ರಶ್ಶು ಸ್ವಲ್ಪ ಗಟ್ಟಿ ಕಣೇ. ಮೂರು ದಿನದಿಂದ ಹೀಗೇ ಬರ್ತಿದೆ" ಎಂದರು. ನನ್ನ ಎದೆ ಧಸಕ್ಕೆಂದಿತು. ಮೂರು ದಿನ ನೀರು ಸುರಿದು ಅವರು ತೊಳೆದುಬಿಡುತ್ತಿದ್ದರು. ಅಂಗಿಯ ತೋಳು ಮಡಿಸಿ ನೋಡಿದರೆ ಮೊಣಕೈ ಹತ್ತಿರ ನೇರಳೆಹಣ್ಣಿನ ಬಣ್ಣದ ಕಲೆ. ಎಲ್ಲಿ ತಾಗಿತೆಂದು ಅವರಿಗೇ ಗೊತ್ತಿಲ್ಲ. ಲಾಲಾರಸದ ಪರೀಕ್ಷೆ ನಾನು ಕಾಲೇಜಿನಲ್ಲಿ ಮಾಡಿದ್ದು. ಆದರೆ ನನ್ನ ಬಾಳಿನ ದೊಡ್ಡ ಪರೀಕ್ಷೆ ನನ್ನ ಮನೆಯ ತೊಟ್ಟಿಯಲ್ಲೇ ಇತ್ತು. ಯಾವ ಯಂತ್ರವೂ ಹೇಳುವ ಮೊದಲು ಎಂಜಲು ಹೇಳಿತ್ತು.

ಮಳೆಯಲ್ಲಿ ಟ್ಯಾಕ್ಸಿ ಹಿಡಿದು ನಮ್ಮ ಆಸ್ಪತ್ರೆಗೇ ಹೋದೆವು. ಅಷ್ಟರಲ್ಲಿ ಮೂಗಿನಿಂದಲೂ ನೆತ್ತರು ಇಳಿಯತೊಡಗಿತ್ತು. ಸಹೋದ್ಯೋಗಿ ರಕ್ತ ತೆಗೆದಳು. ಆಗ ಯಂತ್ರ ಬಂದಿತ್ತಾದರೂ ನನಗೆ ಕೈಯಲ್ಲೇ ನೋಡಬೇಕೆನಿಸಿತು. "ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ" ಎಂದು ಆಕೆ ಎಷ್ಟು ಹೇಳಿದರೂ ಕೇಳದೆ ನಳಿಗೆ ಹಿಡಿದೆ. ಸ್ಟಾಪ್‌ವಾಚ್ ಒತ್ತಿದೆ. ಹದಿನಾಲ್ಕು ದಾಟಿತು, ಸರಿ. ಮೂವತ್ತು. ನಲವತ್ತು. ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು. ಐವತ್ತು, ಅರವತ್ತು. ಓರೆ ಮಾಡಿದಾಗಲೆಲ್ಲ ನೀರಿನಂತೆ ಈ ಕಡೆಯಿಂದ ಆ ಕಡೆಗೆ ಹರಿಯುತ್ತಿತ್ತು. ಸಾವಿರಾರು ಜನರ ರಕ್ತವನ್ನು ಹೀಗೆ ಹಿಡಿದು ಕೂತವಳು ನಾನು. ಒಂದೊಂದು ನಳಿಗೆಯ ಹಿಂದೆಯೂ ಹೊರಗಿನ ಬೆಂಚಿನ ಮೇಲೆ ಒಬ್ಬರು ಹೀಗೆ ಕಾಯುತ್ತಿದ್ದರಲ್ಲವೇ ಎಂಬುದು ಅಂದೇ ನನ್ನ ತಲೆಗೆ ಹೋದದ್ದು. ತೊಂಬತ್ತು ದಾಟಿದ ಮೇಲೆ ಮೊದಲ ಎಳೆ ಕಂಡಿತು. ಐ.ಎನ್.ಆರ್. ಎಂಟರ ಹತ್ತಿರ.

ಹಿಮದಲ್ಲಿ ಹಾಲಿನ ಕ್ಯಾನು ಹೊತ್ತು ಬಂದ ಆ ರೈತ ನೆನಪಾದ. ಅವನಿಗೆ ಮೇವು ಕೆಟ್ಟಿದೆಯೆಂದು ಗೊತ್ತಿರಲಿಲ್ಲ. ನನಗೆ ಎಲ್ಲವೂ ಗೊತ್ತಿತ್ತು. ಅದೇ ಹೆಚ್ಚು ನೋಯಿಸಿತು.

ಡಾಕ್ಟರು ಬಂದು ಮಾತ್ರೆ ನಿಲ್ಲಿಸಿ, ವಿಟಮಿನ್ ಕೆ ಕೊಟ್ಟರು. ಅದೂ ತೀರ ಸಣ್ಣ ಪ್ರಮಾಣ. ನಾನು ಗಾಬರಿಯಲ್ಲಿ, "ಇನ್ನೂ ಸ್ವಲ್ಪ ಜಾಸ್ತಿ ಕೊಡಿ" ಎಂದೆ. ಅವರು ಶಾಂತವಾಗಿ, ಜಾಸ್ತಿ ಕೊಟ್ಟರೆ ಕವಾಟದ ಮೇಲೆ ಹೆಪ್ಪುಗಟ್ಟಬಹುದು, ಮುಂದೆ ಮಾತ್ರೆಯೂ ಎಷ್ಟೋ ದಿನ ಹಿಡಿಯುವುದಿಲ್ಲ ಎಂದು ತಿಳಿಸಿದರು. ಆಮೇಲೆ ಕೇಳಿದರು: "ಊಟದಲ್ಲಿ ಏನಾದರೂ ಬದಲಾವಣೆ ಮಾಡಿದ್ದೀರಾ?" ನಾನು ಬಸಳೆಯ ಕಥೆ ಹೇಳಿದೆ. ಅವರು ಬೈಯಲಿಲ್ಲ. "ಸೊಪ್ಪು ಬಿಡಿ ಅಂತ ನಾನು ಹೇಳಿರಲಿಲ್ಲ. ದಿನಾ ಎಷ್ಟು ತಿನ್ನುತ್ತಿದ್ದಿರೋ ಅಷ್ಟನ್ನೇ ತಿನ್ನಿ, ಅದಕ್ಕೆ ಹೊಂದುವ ಹಾಗೆ ಮಾತ್ರೆಯನ್ನು ನಾವು ಕೂಡಿಸುತ್ತೇವೆ ಅಂದಿದ್ದೆ" ಎಂದರು. ಅಂದು ನಾನು ಕೇಳಿಸಿಕೊಳ್ಳದೆ ಎದ್ದು ಬಂದ ಮಾತು ಅದು.

ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಇವರು ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಬ್ಯಾಂಕಿನವರಲ್ಲವೇ, ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ಗೆರೆ ಹಾಕಿ ಕೂತರು. ದಿನಾಂಕ, ಮಾತ್ರೆ, ಐ.ಎನ್.ಆರ್., ಜೊತೆಗೆ 'ಸೊಪ್ಪು' ಎಂದೇ ಒಂದು ಕಾಲಂ! ಜ್ವರಕ್ಕೋ ಹಲ್ಲುನೋವಿಗೋ ಬೇರೆ ಔಷಧಿ ಬಂದರೆ ಅದಕ್ಕೂ ಒಂದು ಕಾಲಂ. ಎಷ್ಟೋ ಔಷಧಿಗಳು ವಾರ್ಫರಿನ್ನಿನ ಬಲವನ್ನು ಏರಿಳಿಸುತ್ತವೆ. ಈಗ ಮೂರನೇ ಪುಸ್ತಕ ನಡೆಯುತ್ತಿದೆ. ಪದೇ ಪದೇ ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಬೇರೆ ತೊಂದರೆಗಳಿಗೆ ಅವು ಬಂದಿರುವುದು ನಿಜ. ಆದರೆ ಅಂಥ ಒಂದು ಮಾತ್ರೆಯನ್ನು ಲೋಹದ ಕವಾಟದವರಲ್ಲಿ ಪರೀಕ್ಷಿಸಿದಾಗ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ, ಆ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂತು. ಇವರಂಥವರಿಗೆ ಇಂದಿಗೂ ಲಿಂಕ್ ಅವರ ವಾರ್ಫರಿನ್ನೋ ಅದರ ನೆಂಟನೋ ಗತಿ. ಅಂದಹಾಗೆ ಈ ಮಾತ್ರೆ ರಕ್ತವನ್ನು ತೆಳ್ಳಗೆ ಮಾಡುವುದೂ ಇಲ್ಲ. ರಕ್ತ ಇದ್ದ ಹಾಗೇ ಇರುತ್ತದೆ, ಹೆಪ್ಪಾಗುವುದು ಮಾತ್ರ ನಿಧಾನವಾಗುತ್ತದೆ.

ಈಗ ಅಜ್ಜಿಯ ಬೆರಳಿಗೆ ಬರುತ್ತೇನೆ. 2011ರಲ್ಲಿ ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡಾಮಿನ ಸಂಶೋಧಕರು ಆರೋಗ್ಯವಂತರ ಲಾಲಾರಸ ಪರೀಕ್ಷಿಸಿ ಒಂದು ಲೇಖನ ಪ್ರಕಟಿಸಿದರು. ನಮ್ಮ ಎಂಜಲಿನಲ್ಲಿ ತೇಲುವ ಅತಿಸೂಕ್ಷ್ಮ ಗುಳ್ಳೆಗಳ ಮೇಲೆ ಟಿಷ್ಯೂ ಫ್ಯಾಕ್ಟರ್ ಎಂಬ ವಸ್ತು ಇದೆ, ಅದು ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತದೆ ಎಂದು ಅವರು ತೋರಿಸಿದ್ದರು. ಓದಿ ನಾನು ಕುರ್ಚಿಯಲ್ಲೇ ನೆಟ್ಟಗೆ ಕೂತೆ. ನಾನು 30 ವರ್ಷ ನಳಿಗೆಗೆ ಹಾಕುತ್ತಿದ್ದ ಥ್ರಾಂಬೋಪ್ಲಾಸ್ಟಿನ್ನಿನ ಜೀವಾಳವೂ ಇದೇ ಟಿಷ್ಯೂ ಫ್ಯಾಕ್ಟರ್! ಇಂಬಳದ ಎಂಜಲು ನೆತ್ತರನ್ನು ನಿಲ್ಲಗೊಡದು; ಮನುಷ್ಯರ ಎಂಜಲು ನಿಲ್ಲಿಸಲು ಹೊರಡುತ್ತದೆ. ಅಜ್ಜಿ ಲಾಟೀನಿನ ಬೆಳಕಿನಲ್ಲಿ ಬೆರಳು ಚೀಪುತ್ತ ಮಾಡುತ್ತಿದ್ದದ್ದು ಕ್ವಿಕ್ ಅವರ ಪರೀಕ್ಷೆಯೇ, ಸ್ಟಾಪ್‌ವಾಚ್ ಒಂದು ಇರಲಿಲ್ಲ. ಇದನ್ನು ಓದಿ ಯಾರೂ ಗಾಯಕ್ಕೆ ಎಂಜಲು ಹಚ್ಚಲು ಹೋಗಬೇಡಿ. ಬಾಯಿಯಲ್ಲಿ ರೋಗಾಣುಗಳೂ ಇರುತ್ತವೆ, ಶುದ್ಧ ನೀರೇ ಮೇಲು. 2020ರಲ್ಲಿ ಕೊರೋನಾ ಬಂದಾಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಮೂಗಿಗೆ ಕಡ್ಡಿ ಹಾಕದೆ ಬರೀ ಎಂಜಲಿನಿಂದಲೇ ರೋಗ ಪತ್ತೆ ಮಾಡುವ ವಿಧಾನ ರೂಪಿಸಿದರು. ಆ ಸುದ್ದಿ ಓದಿದಾಗ ಶಿವಮೊಗ್ಗೆಯ ಆ ಗೋಡೆ, ಗೋಡೆಗೆ ಮುಖಮಾಡಿ ನಿಂತ ಐದು ಹುಡುಗಿಯರು ಕಣ್ಣಿಗೆ ಕಟ್ಟಿದರು.

ರಾಜ್ಯೋತ್ಸವದ ದಿನ ವರಾಂಡದಲ್ಲಿ ಇಷ್ಟನ್ನೂ ಹೇಳಲಿಲ್ಲ. ನನ್ನ ತಪ್ಪನ್ನಷ್ಟೇ ಹೇಳಿ, "ಈಗ ನೀವಾಗಿ ಸೊಪ್ಪು ಮತ್ತೆ ಶುರು ಮಾಡಲೂಬೇಡಿ. ಮೊದಲು ಡಾಕ್ಟರಿಗೆ ಹೇಳಿ, ಐ.ಎನ್.ಆರ್. ನೋಡಿಸಿ" ಎಂದೆ. ಮರುದಿನವೇ ನೋಡಿಸಿದರಂತೆ. 4.6 ಇತ್ತಂತೆ. ಡಾಕ್ಟರು ಮಾತ್ರೆ ಸರಿಮಾಡಿದ್ದಾರೆ. ಈಗ ಅವರ ಮನೆಯಲ್ಲೂ ಒಂದು ಲೆಕ್ಕದ ಪುಸ್ತಕ ಇದೆ.

ನಮ್ಮ ಬಾಲ್ಕನಿಯಲ್ಲಿ ಬಸಳೆ ಮತ್ತೆ ಹಬ್ಬಿದೆ. ಅಂದು ಪಕ್ಕದ ಮನೆಗೆ ಕೊಟ್ಟ ಬಳ್ಳಿಯಿಂದಲೇ ಒಂದು ತುಂಡು ಕೇಳಿ ತಂದು ನೆಟ್ಟದ್ದು. ರಾತ್ರಿ ಹಾಲು ಉಗುರುಬೆಚ್ಚಗಾದ ಮೇಲೆ ಚಮಚದ ತುದಿಯಲ್ಲಿ ಹೆಪ್ಪು ಹಾಕಿ ಮುಚ್ಚಿಡುತ್ತೇನೆ. ಇವರು ಒಳಗಿನಿಂದ, "ಏ, ಇವತ್ತು ಬಸಳೆ ಎಷ್ಟು ಅಂತ ಬರೀಲಿ?" ಎಂದು ಕೇಳುತ್ತಾರೆ. "ನಿನ್ನೆಯಷ್ಟೇ" ಎನ್ನುತ್ತೇನೆ.